ಬಾಬಾ ಹುಡುಕಿದ ಡಿ.ಬಿ. ಬಂದೂಕು

ಕಳೆದ ವಾರ ನಮ್ಮವರು ಹೊಸ ಕ್ರಿಕೆಟ್ ಬ್ಯಾಟೊಂದನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದಕ್ಕೆ ಅಗಸೆ ಎಣ್ಣೆ ಸವರಲು ಕೂತರು. ಹೊಟ್ಟೆ ಮುಂದೆ, ತಾವು ಹಿಂದೆ ನಡೆಯುವ ಪ್ರಾಯದಲ್ಲಿ ಅವರಿಗೆ ಆಫೀಸಿನ ಟೀಮಿಗೆ ಓಪನಿಂಗ್ ಆಡುವ ಉಮೇದು ಬಂದಿದೆ. ಬರ್ ದುಬೈಯ ನಮ್ಮ ಫ್ಲ್ಯಾಟು ಎಷ್ಟು ದೊಡ್ಡದೆಂದರೆ, ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಬೆಡ್‌ರೂಮಿನಲ್ಲಿ ಮಲಗಿದವರು ಸೀನುತ್ತಾರೆ. ಎಣ್ಣೆಯ ವಾಸನೆ ಹಬ್ಬಲು ಹೊತ್ತು ಬೇಕಾಗಲಿಲ್ಲ. "ಅಮ್ಮಾ, ಇಟ್ ಸ್ಟಿಂಕ್ಸ್!" ಎಂದು ಮಗಳು ತನ್ನ ಬಾಗಿಲು ಹಾಕಿಕೊಂಡಳು. ನಾನು ಮಾತ್ರ ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತೆ.

"ಎಂತ ಮಾರಾಯ್ತಿ, ಕಿಟಕಿ ತೆಗಿಬೇಕಾ?" ಎಂದು ನಮ್ಮವರು ಕೇಳಿದರು.

"ಬೇಡ, ಹಾಗೇ ಇರ್ಲಿ" ಎಂದೆ.

ಆ ಕಮಟು ವಾಸನೆ ನನ್ನ ಮೂಗಿಗೆ ಬೀಳದೆ ಎಷ್ಟೋ ವರ್ಷವಾಗಿತ್ತು. ನನ್ನ ಪಾಲಿಗೆ ಅದು ಬ್ಯಾಟಿನದಲ್ಲ. ಚಳಿಗಾಲದ ಶುಕ್ರವಾರದ ಬೆಳಗು, ಮರಳಿನ ಮೇಲೆ ಕರಗದೆ ನಿಂತ ಮಂಜು, ಎಣ್ಣೆ ಹಚ್ಚಿದ ಮರದ ಮೇಲೆ ಮೆಲ್ಲಗೆ ಓಡಾಡುವ ಒಂದು ಮುದಿ ಅಂಗೈ... ಅದು ಬಾಬಾರ ವಾಸನೆ.

ಮದುವೆಯಾಗಿ ದುಬೈಗೆ ಬಂದ ಹೊಸತರಲ್ಲಿ ನನಗೆ ಊರ ಹೊರಗಿನ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಿತ್ತು. ಬಂದವರ ಹೆಸರು ಬರೆದುಕೊಂಡು, ಕಿವಿಗೆ ಹಾಕುವ ಮುಚ್ಚಳ ಕೊಟ್ಟು, ನಗುತ್ತಾ ಒಳಗೆ ಕಳಿಸುವ ಕೆಲಸ. ಸಂದರ್ಶನದಲ್ಲಿ ಮ್ಯಾನೇಜರು, "ಬಂದೂಕು ಕಂಡರೆ ಭಯವೇ?" ಎಂದು ಕೇಳಿದ್ದರು. ಮಂಗಳೂರಿನ ಕಾಲೇಜಿನಲ್ಲಿ ನಾನು ಖಾಕಿ ತೊಟ್ಟು ಕೆಡೆಟ್ ಆಗಿದ್ದವಳು. ಕ್ಯಾಂಪಿನಲ್ಲಿ ಬೋರಲು ಮಲಗಿ ಪಾಯಿಂಟ್ ಟೂ ಟೂ ರೈಫಲ್ ಹೊಡೆದವಳು. ಅದನ್ನು ಹೇಳಿದ್ದೇ ಕೆಲಸ ಕೊಟ್ಟರು. ಕಾರ್ಕಳದ ಅತ್ತೆ ಮಾತ್ರ ಫೋನಿನಲ್ಲಿ ಕ್ಲಬ್ಬು ಎಂಬ ಶಬ್ದ ಕೇಳಿದ್ದೇ ತಡ, "ಅಲ್ಲಿ ಇಸ್ಪೀಟು ಆಡ್ಲಿಕ್ಕುಂಟಾ?" ಎಂದರು. "ಇಲ್ಲ ಅತ್ತೆ, ಬಂದೂಕು ಹೊಡಿಯುದು" ಎಂದೆ. ಆಮೇಲೆ, "ನೆರೆಕರೆಯಲ್ಲಿ ಆಫೀಸು ಅಂತಲೇ ಹೇಳ್ತೇನೆ ಆಯ್ತಾ?" ಎಂದರು.

ಬೆಳಿಗ್ಗೆ ಕ್ಲಬ್ಬಿನ ವ್ಯಾನು ನಮ್ಮ ಬೀದಿಗೇ ಬರುತ್ತಿತ್ತು. ನಮ್ಮವರು ಆಗ ಕೆಲಸಕ್ಕಿದ್ದ ರಾಸ್ ಅಲ್ ಖೋರ್‌ನ ಬಿಡಿಭಾಗಗಳ ಗೋದಾಮು ದಾಟಿ, ಹಿನ್ನೀರಿನಲ್ಲಿ ಒಂಟಿಗಾಲಲ್ಲಿ ನಿಂತ ಗುಲಾಬಿ ಹಕ್ಕಿಗಳನ್ನು ದಾಟಿ, ಮರಳುಗಾಡಿನ ರಸ್ತೆಗೆ ಇಳಿಯುತ್ತಿತ್ತು. ಚಳಿಗಾಲದಲ್ಲಿ ಆ ರಸ್ತೆಯ ಮೇಲೆ ಮಂಜು ಎಷ್ಟು ದಟ್ಟವಾಗಿರುತ್ತಿತ್ತೆಂದರೆ, ಹಿಂದಿನ ಊರು ಇಲ್ಲವೇ ಇಲ್ಲ ಎನ್ನಿಸುತ್ತಿತ್ತು. ಗೋಪುರಗಳ ತುದಿಯ ದೀಪಗಳಷ್ಟೇ ಆಕಾಶದಲ್ಲಿ ತೇಲುತ್ತಿದ್ದವು. ನಾನು ಅರ್ಧ ನಿದ್ದೆಯಲ್ಲಿ ಕಣ್ಣು ಮುಚ್ಚಿ ಬಿಟ್ಟು ಮಾಡುತ್ತಾ ಹೋಗುತ್ತಿದ್ದೆ. ಅಲ್ಲಿನ ನೆನಪೆಲ್ಲ ಹಾಗೇ ಇದೆ, ಅರ್ಧ ಎಚ್ಚರದ್ದು...

ಶುಕ್ರವಾರ ಬೆಳಿಗ್ಗೆ ಕ್ಲಬ್ಬು ಖಾಲಿ. ಮಧ್ಯಾಹ್ನದ ನಮಾಜು ಮುಗಿದ ಮೇಲೆಯೇ ಜನ. ಆ ಖಾಲಿ ಹೊತ್ತಿಗೆ ಬರುತ್ತಿದ್ದವರು ಬಾಬಾ ಒಬ್ಬರೇ. ನಾವೆಲ್ಲ ಕರೆಯುತ್ತಿದ್ದುದೇ ಹಾಗೆ. ಪಾದ ಮುಟ್ಟುವ ಬಿಳಿ ಕಂದೂರ, ಚಿಕ್ಕ ಬಿಳಿ ಗಡ್ಡ, ಕಂಬಳಿಯಲ್ಲಿ ಸುತ್ತಿದ ಒಂದು ರೈಫಲ್. ಈ ದೇಶದಲ್ಲಿ ಸ್ವಂತ ಬಂದೂಕು ಇಟ್ಟುಕೊಳ್ಳುವುದು ನಮ್ಮಂಥ ಹೊರಗಿನವರಿಗೆ ಆಗುವ ಮಾತಲ್ಲ. ಅವರು ಇಲ್ಲಿಯವರೇ, ಲೈಸೆನ್ಸು ಇತ್ತು. ಪ್ರತಿ ವಾರವೂ ಬೇರೆ ಬೇರೆ ರೈಫಲ್ ತರುತ್ತಿದ್ದರು.

ಕ್ರೀಕಿನ ದಡದ ಅಪ್ಪನ ಗೋದಾಮಿನಲ್ಲಿ ಹಿಂದೂಸ್ತಾನಿ ಹಮಾಲರ ನಡುವೆ ಬೆಳೆದ ಬಾಬಾರಿಗೆ ಹಿಂದಿ ಸರಾಗ. ನನ್ನ ಹಿಂದಿ ಮಂಗಳೂರಿನದು. ಇಬ್ಬರಿಗೂ ಹೆಣ್ಣು ಗಂಡಿನ ಲಿಂಗ ಅದಲುಬದಲಾಗುತ್ತಿದ್ದರಿಂದ ಒಬ್ಬರ ತಪ್ಪು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ನಾವು ಆಡಿದ್ದೆಲ್ಲ ಆ ಹಿಂದಿಯೇ, ನನ್ನ ನೆನಪಿನಲ್ಲಿ ಮಾತ್ರ ಕನ್ನಡವಾಗಿ ಕೂತುಬಿಟ್ಟಿದೆ. ಅರಬ್ಬಿಯಲ್ಲಿ 'ಪ' ಎಂಬ ಅಕ್ಷರವೇ ಇಲ್ಲ. ಹಾಗಾಗಿ ಬಾಬಾರಿಗೆ ಪಾನಿ ಎಂದರೆ ಬಾನಿ, ಪಾರ್ಕಿಂಗ್ ಎಂದರೆ ಬಾರ್ಕಿಂಗ್. ಪ್ರಮೀಳಾ ಎಂಬ ನಾನು ಬ್ರಮೀಲಾ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ಆ ಹೆಸರೇ ಹಿಡಿಸಿತು.

ಅವರು ಕೊಳ್ಳುತ್ತಿದ್ದುದು ತರಬೇತಿಯ ರೈಫಲ್‌ಗಳನ್ನು ಮಾತ್ರ. ಸೈನ್ಯಕ್ಕೆ ಹೊಸದಾಗಿ ಸೇರಿದವರ ಕೈಗೆ ದೊಡ್ಡ ಬಂದೂಕು ಕೊಟ್ಟರೆ ಅದು ಒದೆಯುವ ಒದೆತಕ್ಕೆ ಹೆದರಿ ಕಣ್ಣು ಮುಚ್ಚಿಬಿಡುತ್ತಾರೆ. ಅದಕ್ಕೆಂದೇ ಅದೇ ರೂಪ, ಅದೇ ತೂಕ, ಆದರೆ ಸಪೂರ ನಳಿಗೆಯ, ಸಣ್ಣ ಗುಂಡಿನ ರೈಫಲ್‌ಗಳನ್ನು ಹಿಂದೆ ಎಲ್ಲ ದೇಶದವರೂ ಮಾಡಿಸುತ್ತಿದ್ದರು. ಬಾಬಾ ಇಂಗ್ಲೆಂಡಿನದು, ಜರ್ಮನಿಯದು, ಸ್ವೀಡನ್ನಿನದು ಎಂದು ಹುಡುಕಿ ಹುಡುಕಿ ತರಿಸುತ್ತಿದ್ದರು. ಒಂದೊಂದು ಬರುವುದಕ್ಕೂ ಪರ್ಮಿಟ್ಟು, ತಪಾಸಣೆ, ಮೊಹರು, ತಿಂಗಳುಗಟ್ಟಲೆ ಕಾಯುವುದು. ನನ್ನ ವೀಸಾಕ್ಕೂ ನಮ್ಮವರು ಅಷ್ಟು ಓಡಾಡಿರಲಿಲ್ಲ.

"ಇವೆಲ್ಲ ಮದ್ರಸಾದವು ಬ್ರಮೀಲಾ" ಎನ್ನುತ್ತಿದ್ದರು. ಅವರ ಮಾತಿನಲ್ಲಿ ಮದ್ರಸಾ ಎಂದರೆ ಶಾಲೆ. "ಶಾಲೆಗೆ ಹೋದ ಬಂದೂಕುಗಳು. ಯುದ್ಧಕ್ಕೆ ಹೋದವಲ್ಲ. ಇವುಗಳ ಮೇಲೆ ಯಾರ ಕಣ್ಣೀರೂ ಇಲ್ಲ."

ರೈಫಲ್ಲಿನ ಹಿಡಿಮರದಲ್ಲಿ ಕೆನ್ನೆ ಒತ್ತುವ ಜಾಗವನ್ನು ಬೆರಳಿಂದ ತೋರಿಸುತ್ತಿದ್ದರು. ಅಲ್ಲಿ ಮಾತ್ರ ಮರ ನುಣುಪಾಗಿ ಹೊಳೆಯುತ್ತಿತ್ತು. ಗಡ್ಡವೇ ಬಾರದ ಎಷ್ಟು ಹುಡುಗರ ಕೆನ್ನೆಗಳೋ... ಎಂದು ನಾವಿಬ್ಬರೂ ಅದನ್ನೇ ನೋಡುತ್ತಾ ಕೂರುತ್ತಿದ್ದೆವು. ಹೊಡೆದಾದ ಮೇಲೆ ಬಾಬಾ ಸಣ್ಣ ಸೀಸೆಯಿಂದ ಅಗಸೆ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡು ಮರಕ್ಕೆ ತಿಕ್ಕುತ್ತಿದ್ದರು. ಬಟ್ಟೆ ಬಳಸುತ್ತಿರಲಿಲ್ಲ. ಡ್ರೈವರ್ ಮುಟ್ಟಲು ಬಂದರೆ ಗದರುತ್ತಿದ್ದರು. ಆಮೇಲೆ ತಮ್ಮ ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಕಹಿ ಗಾವಾ ಬಗ್ಗಿಸಿ, ನನಗೂ ಒಂದು ಪುಟ್ಟ ಬಟ್ಟಲು ಕೊಡುತ್ತಿದ್ದರು. ಆ ಕಾಫಿ ನಮ್ಮ ಊರಿನ ಕಷಾಯಕ್ಕೆ ಸೋದರಸಂಬಂಧಿ. ಆದರೂ ಕುಡಿಯುತ್ತಿದ್ದೆ.

ಒಂದು ವಿಷಯ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಹೊಸ ರೈಫಲ್ ತಂದ ದಿನ ಬಾಬಾ ಕಿವಿಗೆ ಮುಚ್ಚಳ ಹಾಕಿಕೊಳ್ಳುತ್ತಿರಲಿಲ್ಲ. ನಮ್ಮ ರೇಂಜಿನ ಉಸ್ತುವಾರಿ ನೋಡುತ್ತಿದ್ದವರು ನೇಪಾಳದ ಒಬ್ಬ ನಿವೃತ್ತ ಹವಾಲ್ದಾರರು. ಕವಾಯತು ಕಲಿಸುವವರನ್ನು ಕರೆಯುತ್ತಿದ್ದ ಕಾಲೇಜಿನ ಅಭ್ಯಾಸದಂತೆ ನಾನು ಅವರನ್ನು ಉಸ್ತಾದ್ ಎನ್ನುತ್ತಿದ್ದೆ. ಉಸ್ತಾದ್ ಎಷ್ಟು ಬೇಡಿಕೊಂಡರೂ ಬಾಬಾ ಮೊದಲ ಗುಂಡನ್ನು ಬರಿಗಿವಿಯಲ್ಲೇ ಹೊಡೆಯುತ್ತಿದ್ದರು. ಹೊಡೆದು, ತಲೆ ಒಂದು ಕಡೆ ವಾಲಿಸಿ ಆಲಿಸುತ್ತಿದ್ದರು. ಆಮೇಲೆ ತಲೆಯಾಡಿಸಿ, "ಯೇ ನಹೀಂ" ಎಂದು ಏಳುತ್ತಿದ್ದರು. ಗುರಿ ನಡುವಿಗೆ ಬಿದ್ದಿದ್ದರೂ ಅಷ್ಟೇ. ಇದಲ್ಲ, ಇದೂ ಅಲ್ಲ.

ಎಂಥದ್ದು ಬೇಕಾಗಿತ್ತು ಎಂಬುದನ್ನು ಅವರೇ ಒಂದು ಮಂಜಿನ ಬೆಳಿಗ್ಗೆ ಹೇಳಿದರು. ಗಾಜಿನ ಆಚೆ ಏನೂ ಕಾಣುತ್ತಿರಲಿಲ್ಲ. ಒಂಟೆಗಳ ಸಾಲೊಂದು ಕಂಡ ಹಾಗೆ ಆಗಿ ಮಾಯವಾಯಿತು.

ಇಲ್ಲಿಯ ಸಂಸ್ಥಾನಗಳು ಸೇರಿ ಈ ಒಕ್ಕೂಟ ಹುಟ್ಟುವ ಮುಂಚಿನ ಕಾಲ. ಬಾಬಾರ ಅಣ್ಣ ಗಡಿ ಕಾಯುವ ಪಡೆಗೆ ಸೇರಿದ್ದನಂತೆ. ತರಬೇತಿಯ ಡೇರೆಗಳು ಅವರ ಮನೆಯಿಂದ ಕತ್ತೆಯ ಮೇಲೆ ಹೋಗುವಷ್ಟು ಹತ್ತಿರ. ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಖರ್ಜೂರ ಹಿಡಿದು ಇವರು ಹೋಗುತ್ತಿದ್ದರಂತೆ. ಒಂದು ಮಧ್ಯಾಹ್ನ ಎಲ್ಲರೂ ನೆರಳಿನಲ್ಲಿ ತೂಕಡಿಸುವಾಗ ಅಣ್ಣ ತನ್ನ ಬಂದೂಕು ತಂದು, ತಮ್ಮನನ್ನು ಮರಳಿನ ಮೇಲೆ ಬೋರಲು ಮಲಗಿಸಿ, ದೂರದ ಒಂದು ತಗಡಿನ ಡಬ್ಬಿಗೆ ಗುರಿ ಹಿಡಿಸಿದ. ತಾನು ಹಿಂದೆ ನಿಂತ. ಉಸಿರು ಕಟ್ಟು ಎಂದ. ಎಳೆ ಎಂದ. ಇವರು ಕಣ್ಣು ಮುಚ್ಚಿ ಎಳೆದರು. ಟಕ್...

"ದೊಡ್ಡ ಸದ್ದಲ್ಲ. ಟಕ್. ಅಷ್ಟೇ. 'ಎಲ್ಲಿ ಬಿತ್ತು?' ಅಂತ ಕೇಳಿದೆ. 'ನಡುವಿಗೆ! ಡಬ್ಬಿಯ ನಡುವಿಗೇ!' ಅಂದ ಅಣ್ಣ. ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಓಡಿದ."

ಅದೇ ಬೇಸಿಗೆಯಲ್ಲಿ ಅಣ್ಣ ಜ್ವರ ಬಂದು ತೀರಿಕೊಂಡ. ಆ ಟಕ್ ಎಂಬ ಸದ್ದು ಮಾತ್ರ ತಮ್ಮನ ಕಿವಿಯಲ್ಲಿ ಉಳಿಯಿತು. ಇನ್ನೂ ಒಂದು ಗುರುತು ಉಳಿದಿತ್ತು. ಬಂದೂಕಿನ ಮೈಮೇಲೆ ಎರಡು ಇಂಗ್ಲಿಷ್ ಅಕ್ಷರಗಳಿದ್ದವು. ಅಣ್ಣ ಬೆರಳಿಟ್ಟು ಓದಿ ಹೇಳಿದ್ದ: ಡಿ, ಬಿ. ಡಿ.ಬಿ. ಎಂದರೆ ದುಬೈ ಎಂದು ಬಾಬಾ ಆಗಲೇ ತೀರ್ಮಾನಿಸಿದ್ದರು. ದುಬೈಗೆಂದೇ ಅಕ್ಷರ ಕೊರೆದು ಕಳಿಸಿದ ಕೆಲವೇ ಬಂದೂಕುಗಳು ಇರಬೇಕು, ಅವುಗಳಲ್ಲಿ ಒಂದಾದರೂ ಪ್ರಪಂಚದ ಯಾವುದೋ ಅಟ್ಟದ ಮೇಲೆ ಉಳಿದಿರಬೇಕು. ಬಾಬಾ ಅದನ್ನು ಹುಡುಕುತ್ತಿದ್ದರು. ಸಿಗುವ ತನಕ ಸಿಕ್ಕಿದ್ದನ್ನೆಲ್ಲ ಕೊಂಡು, ಹೊಡೆದು, ಆ ಸದ್ದಿಗೆ ಕಿವಿಗೊಡುತ್ತಿದ್ದರು.

ಅವಸರವೂ ಶುರುವಾಗಿತ್ತು. ಕಣ್ಣಿನ ಒತ್ತಡದ ಕಾಯಿಲೆ. ಎರಡೂ ಬದಿಯಿಂದ ನೋಟ ಕಿರಿದಾಗುತ್ತಾ ಬರುತ್ತದೆ, ತಡೆಯಬಹುದು, ಹಿಂದಕ್ಕೆ ತರಲಾಗದು ಎಂದು ಅಬುಧಾಬಿಯ ಡಾಕ್ಟರು ಹೇಳಿದ್ದರು. "ಬಾಗಿಲು ಹಾಕುತ್ತಿದ್ದಾರೆ ಬ್ರಮೀಲಾ. ಪೂರ್ತಿ ಹಾಕುವುದರೊಳಗೆ ಅಣ್ಣನ ಬಂದೂಕಿನಲ್ಲಿ ಒಂದು ಗುಂಡು. ಒಂದೇ. ಆಮೇಲೆ ಖಲಾಸ್" ಎಂದರು. ಈ ಮುದುಕರಿಗೆ ಆ ಬಂದೂಕು ಸಿಗಲಪ್ಪಾ ದೇವರೇ ಎಂದು, ಬರ್ ದುಬೈಯ ಗುಡಿ ಓಣಿಯಲ್ಲಿ ಹೂ ಕೊಳ್ಳುವಾಗ ಬಾಬಾರ ಲೆಕ್ಕದಲ್ಲೂ ಒಂದು ಮೊಳ ಕೊಂಡೆ.

ಸಿಕ್ಕಿಯೂಬಿಟ್ಟಿತು. ಇಂಗ್ಲೆಂಡಿನ ಏಜೆಂಟನೊಬ್ಬ ಫೋನು ಮಾಡಿ, ಡಿ.ಬಿ. ಅಕ್ಷರದ್ದು ಇದೆ, ಒಂದಲ್ಲ ಹಲವು ಇವೆ ಎಂದನಂತೆ. ಅದುವರೆಗೆ ಯಾಕೆ ಹೇಳಲಿಲ್ಲ ಎಂದರೆ, ನೀವು ಹೊಡೆಯುವ ರೈಫಲ್ ಮಾತ್ರ ಕೇಳುತ್ತಿದ್ದಿರಿ ಎಂದನಂತೆ. ಬಾಬಾರಿಗೆ ಆ ಮಾತು ವಿಚಿತ್ರವೆನಿಸಲಿಲ್ಲ. ಸಂತೋಷದಲ್ಲಿ ಯಾರಿಗೆ ಕಿವಿ ಪೂರ್ತಿ ತೆರೆದಿರುತ್ತದೆ?

ಅದು ಬಂದ ಶುಕ್ರವಾರ ಬಾಬಾ ಹೊಸ ಕಂದೂರ ತೊಟ್ಟು, ಅತ್ತರು ಹಚ್ಚಿಕೊಂಡು, ಮದುಮಗನ ಹಾಗೆ ಬಂದಿದ್ದರು. ಉದ್ದದ ಮರದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದರು. ಉಸ್ತಾದ್ ಬಗ್ಗಿ ನೋಡಿದರು. ನಾನೂ ನೋಡಿದೆ. ಹಿಡಿಮರಕ್ಕೆ ಸುತ್ತ ಬಳಿದ ಬಿಳಿ ಪಟ್ಟಿ. ಅದರ ಪಕ್ಕದಲ್ಲಿ ಕೊರೆದ ಎರಡು ದೊಡ್ಡ ಅಕ್ಷರಗಳು. ಕಾಲೇಜಿನ ಪರೇಡಿನಲ್ಲಿ ನಾನು ಹೆಗಲು ನೋಯುವಷ್ಟು ಹೊತ್ತ ಬಂದೂಕಿನ ಮೇಲಿದ್ದವೂ ಅವೇ.

ಡಿ.ಪಿ.

ಡ್ರಿಲ್ ಪರ್ಪಸ್. ಕವಾಯತಿಗೆ ಮಾತ್ರ. ಹಳತಾಗಿ ಸವೆದ ಬಂದೂಕುಗಳನ್ನು ಹೀಗೆ ಗುರುತು ಹಾಕಿ, ನಳಿಗೆಗೆ ತೂತು ಕೊರೆದು, ಗುಂಡಿಗೆ ಬಡಿಯುವ ಮೊಳೆಯನ್ನು ಕತ್ತರಿಸಿ, ಹೊಸಬರಿಗೆ ಸಾವಧಾನ್ ವಿಶ್ರಾಮ್ ಕಲಿಸಲು ಕೊಡುತ್ತಾರೆ. "ಇದಕ್ಕೆ ಬೇರೆ ಮೊಳೆ ಸಿಕ್ಕಿಸಿ, ತೋಟೆ ಹಾಕಿ ಆಟ ಆಡಿದವನ ಮುಖ ಅವನ ಅಮ್ಮನಿಗೂ ಗುರುತು ಸಿಗ್ಲಿಕ್ಕಿಲ್ಲ" ಎಂದು ನಮ್ಮ ಕಾಲೇಜಿನ ಉಸ್ತಾದ್ ಹೆದರಿಸಿದ್ದು ಇನ್ನೂ ಕಿವಿಯಲ್ಲಿದೆ. ಇಷ್ಟು ಬಂದೂಕು ಕೊಂಡ ಬಾಬಾರಿಗೆ ಇದು ತಿಳಿಯಲಿಲ್ಲವೇ ಎಂದು ಆಮೇಲೆ ನಮ್ಮವರು ಕೇಳಿದರು. ಬಾಬಾ ಅದುವರೆಗೆ ಕೊಂಡದ್ದೆಲ್ಲ ಗುಂಡು ಹೊಡೆಯುವಂಥವು, ಅವುಗಳ ಮೇಲೆ ಈ ಅಕ್ಷರ ಇರುವುದಿಲ್ಲ. ಮತ್ತೆ, ತಿಳಿಯುವುದು ಅವರಿಗೆ ಬೇಡವಾಗಿತ್ತೋ ಏನೋ...

ನನ್ನ ಉಸಿರು ನಿಂತದ್ದು ಅದಕ್ಕಲ್ಲ. ಅಣ್ಣ ಬೆರಳಿಟ್ಟು ಓದಿದ ಅಕ್ಷರಗಳು ಇವೇ ಆಗಿದ್ದರೆ, ಆ ಅಣ್ಣನ ಬಾಯಿಗೂ 'ಪ' ಬರುತ್ತಿರಲಿಲ್ಲ. ಅವನ ಬಂದೂಕೂ ಇಂಥದ್ದೇ. ಹಾಗಾದರೆ ಆ ಮಧ್ಯಾಹ್ನ ಅದರಿಂದ ಗುಂಡು ಹೊರಟಿರಲು ಸಾಧ್ಯವೇ ಇಲ್ಲ. ಬಾಬಾ ಒಂದು ಆಯುಷ್ಯ ಪೂರ್ತಿ ಕಾಪಾಡಿಕೊಂಡು ಬಂದ ಆ ಒಂದು ಗುಂಡು...

ನಾನು ಉಸ್ತಾದರ ಮುಖ ನೋಡಿದೆ. ಸೈನ್ಯದಲ್ಲಿ ಬಾಳ್ವೆ ಕಳೆದ ಆ ಮನುಷ್ಯ, "ಮೇಡಮ್‌ಜೀ, ಆಪ್ ಬೋಲಿಯೇ" ಎಂದು ಪಿಸುಗುಟ್ಟಿ, ಹೇಳುವ ಕೆಲಸವನ್ನು ನನಗೇ ಬಿಟ್ಟು, ಫ್ಯಾನು ನೋಡಬೇಕು ಎಂದು ಒಳಗೆ ಹೊರಟೇಹೋದರು. ಬಾಬಾ ಆಗಲೇ ಜೇಬಿನಿಂದ ತೋಟೆಯ ಡಬ್ಬಿ ತೆಗೆಯುತ್ತಿದ್ದರು.

"ಬಾಬಾ, ಇದು ಡಿ-ಬಿ ಅಲ್ಲ. ಡಿ-ಪಿ" ಎಂದೆ.

"ಹಾಂ, ಡಿ-ಬಿ" ಎಂದರು.

"ಬಿ ಅಲ್ಲ ಬಾಬಾ. ಪಿ."

"ಅದನ್ನೇ ಹೇಳುತ್ತಿದ್ದೇನೆ. ಬಿ."

"ಪಾನಿಯ ಪ. ಪಾಕಿಸ್ತಾನದ ಪ."

"ಬಾಕಿಸ್ತಾನ್. ಹಾಂ."

ಒಂದನೇ ಕ್ಲಾಸಿನ ಟೀಚರಮ್ಮನ ಹಾಗೆ ತುಟಿ ಕೂಡಿಸಿ, ಬಿಡಿಸಿ, ಪ ಎಂದು ತೋರಿಸಿದೆ. ಅವರೂ ತುಟಿ ಕೂಡಿಸಿದರು, ಬ ಎಂದರು. ನಕ್ಕರು. ನಾನೂ ನಗಬೇಕಿತ್ತು. ಆದರೆ ಕಣ್ಣು ತುಂಬಿಕೊಂಡಿತು. ನನ್ನ ಮುಖ ಕಂಡು ಅವರ ನಗು ನಿಂತಿತು.

ಆಮೇಲೆ ಬಿಡಿಸಿ ಹೇಳಿದೆ. ಡ್ರಿಲ್ ಪರ್ಪಸ್ ಎಂದರೇನೆಂದು ಹೇಳಿದೆ. ಬೋಲ್ಟು ತೆಗೆದು, ಮೊಳೆಯ ತುದಿ ಕತ್ತರಿಸಿರುವುದನ್ನು ತೋರಿಸಿದೆ. ಅವರಿಗೆ ಸರಿಯಾಗಿ ಕಾಣಲಿಲ್ಲ. ಅವರ ಬೆರಳನ್ನು ಹಿಡಿದು ನಳಿಗೆಯ ತೂತಿನ ಮೇಲಿಟ್ಟೆ. ಬೆರಳು ಅಲ್ಲೇ ಬಹಳ ಹೊತ್ತು ಇತ್ತು.

"ಹಾಗಾದರೆ ನನ್ನ ಅಣ್ಣನದು?" ಎಂದರು.

"ಅದರ ಮೇಲೆ ಬೇರೆ ಅಕ್ಷರ ಇದ್ದಿರಬಹುದು ಬಾಬಾ. ನೀವು ಆಗ ಚಿಕ್ಕವರು."

"ಇಲ್ಲ" ಎಂದರು. "ಈ ಬಿಳಿ ಪಟ್ಟಿಯೂ ಇತ್ತು. ಈಗ ನೆನಪಾಯಿತು."

ಪೆಟ್ಟಿಗೆ ಮುಚ್ಚಿದರು. ಗಾವಾದ ಫ್ಲಾಸ್ಕನ್ನು ತೆರೆಯಲೇ ಇಲ್ಲ. ಬಾಗಿಲ ತನಕ ಹೋದವರು ಡ್ರೈವರ್ ಹೆಗಲ ಮೇಲೆ ಕೈಯಿಟ್ಟರು. ಅದನ್ನು ನಾನು ಮೊದಲ ಸಲ ಕಂಡೆ.

ಮುಂದಿನ ಶುಕ್ರವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಮಂಜು ಕಳೆದು ಬಿಸಿಲು ಬಲಿಯಿತು. ಖಾಲಿ ರೇಂಜಿನಲ್ಲಿ ಗುರಿಯ ಕಾಗದಗಳು ಗಾಳಿಗೆ ಸಣ್ಣಗೆ ಅಲುಗಾಡುವುದನ್ನು ನೋಡುತ್ತಾ ಕೂರುತ್ತಿದ್ದೆ. ಮನೆಯಲ್ಲಿ ನನಗೆ ಊಟ ಸೇರುತ್ತಿರಲಿಲ್ಲ.

"ನೀ ಹೇಳದೇ ಇದ್ದಿದ್ರೆ ಬೇರೆ ಮೊಳೆ ಹಾಕಿಸಿ ಹೊಡೀತಿದ್ರು, ಅವರ ಕೈಯೋ ಕಣ್ಣೋ ಹೋಗ್ತಿತ್ತಲ್ಲ. ಸರಿ ಮಾಡಿದ್ದಿ, ಸುಮ್ಮನೆ ತಲೆ ಹಾಳು ಮಾಡ್ಕೊಳ್ಬೇಡ" ಎಂದರು ನಮ್ಮವರು.

"ಕೈ ಉಳಿಯಿತು. ಅಣ್ಣ ಹೋದನಲ್ಲ" ಎಂದೆ.

ಬಾಬಾ ಮತ್ತೆ ಬಂದಾಗ ಸೆಖೆ ಶುರುವಾಗಿತ್ತು. ಡ್ರೈವರ್ ಅವರ ಮೊಣಕೈ ಹಿಡಿದಿದ್ದ. ನೋಟ ಇನ್ನಷ್ಟು ಕಿರಿದಾಗಿತ್ತು, ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಸಲಾಮು ಹೇಳಿದರು. ತಂದದ್ದು ಅದೇ ಬಿಳಿ ಪಟ್ಟಿಯ ಬಂದೂಕು. ತೋಟೆ ತಂದಿರಲಿಲ್ಲ.

"ಒಂದು ಜಾಗ ಕೊಡು. ದೂರಕ್ಕೆ ಒಂದು ಕಾಗದ ಕಳಿಸು. ನೀನೂ ಬಾ" ಎಂದರು.

ಉಸ್ತಾದ್ ನಿಯಮದಂತೆ ಬಂದೂಕನ್ನು ತಪಾಸಣೆ ಮಾಡಿ, ಖಾಲಿ ಇದೆ ಎಂದು ಗಂಭೀರವಾಗಿ ಘೋಷಿಸಿ, ಗುರಿಯ ಕಾಗದವನ್ನು ತಂತಿಯ ಮೇಲೆ ತುದಿಯವರೆಗೆ ಓಡಿಸಿದರು. ಬಾಬಾ ಚಾಪೆಯ ಮೇಲೆ ನಿಧಾನವಾಗಿ ಮಲಗಿದರು. ತಲೆವಸ್ತ್ರದ ತುದಿಯನ್ನು ಬೆನ್ನಿಗೆ ಎಸೆದು, ಕೆನ್ನೆಯನ್ನು ಮರಕ್ಕೆ ಒತ್ತಿದರು.

"ಅಣ್ಣ ಹಿಂದೆ ನಿಂತಿದ್ದ" ಎಂದರು, ತಿರುಗದೆಯೇ. "ಗುರಿ ನೋಡಲಿಕ್ಕೆ ನಿಂತಿದ್ದಾನೆ ಅಂತ ಅಂದುಕೊಂಡಿದ್ದೆ. ಈ ದಿನಗಳಲ್ಲಿ ಮಲಗಿಕೊಂಡು ಅದನ್ನೇ ಯೋಚಿಸಿದೆ. ಆ ಸದ್ದು ಮುಂದಿನಿಂದ ಬಂದದ್ದಲ್ಲ ಬ್ರಮೀಲಾ. ಹಿಂದಿನಿಂದ ಬಂತು." ಮತ್ತೆ, "ನೀನು ಹಿಂದೆ ನಿಲ್ಲು. ನಾನು ಎಳೆಯುವಾಗ ಬಾಯಲ್ಲಿ ಮಾಡು" ಎಂದರು.

ನಾನು ಹಿಂದೆ ನಿಂತೆ. ಉಸ್ತಾದ್ ಕೈ ಕಟ್ಟಿಕೊಂಡು ಗೋಡೆ ನೋಡುತ್ತಿದ್ದರು. ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ, ಆದರೂ ಬಂತು. "ಉಸಿರು ಕಟ್ಟಿ ಬಾಬಾ" ಎಂದೆ. ಅವರ ಬೆನ್ನು ಅಲುಗದೆ ನಿಂತಿತು. "ಎಳೀರಿ" ಎಂದೆ, ಕನ್ನಡದಲ್ಲೇ ಬಾಯಿಗೆ ಬಂದುಬಿಟ್ಟಿತು. ಅವರ ಬೆರಳು ಎಳೆಯಿತು. ನಾನು ನಾಲಿಗೆಯನ್ನು ಅಂಗುಳಕ್ಕೆ ಬಡಿದೆ.

ಟಕ್.

ಅವರು ಏಳಲಿಲ್ಲ. ತಲೆ ಒಂದು ಕಡೆ ವಾಲಿತ್ತು. ಆಲಿಸುತ್ತಿದ್ದರು. ಎಷ್ಟು ಹೊತ್ತು ಹಾಗೆ ಇದ್ದರೋ... ಆಮೇಲೆ ಬಹಳ ಮೆಲ್ಲಗೆ, "ಯಹೀ" ಎಂದರು.

ಇದೇ.

ಉಸ್ತಾದ್ ಕಾಗದವನ್ನು ತಂತಿಯ ಮೇಲೆ ವಾಪಸು ತರಿಸಿ ನನ್ನ ಕೈಗೆ ಕೊಟ್ಟರು. ಹೊಚ್ಚ ಹೊಸ ಕಾಗದ, ಒಂದು ಗೀರೂ ಇಲ್ಲ.

"ಎಲ್ಲಿ ಬಿತ್ತು?" ಎಂದು ಬಾಬಾ ಚಾಪೆಯ ಮೇಲಿನಿಂದಲೇ ಕೇಳಿದರು.

"ನಡುವಿಗೆ ಬಾಬಾ. ನಡುವಿಗೇ."

ಬಾಬಾ ನಕ್ಕರು. ಹೊಟ್ಟೆಯಿಂದ ಹೊರಟ ನಗು, ಮೈಯೆಲ್ಲ ಕುಲುಕಿತು. ಮಗ್ಗುಲಾಗಿ ಹೊರಳಿ, ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಂಡರು. "ಝೂಟಿ!" ಎಂದರು. "ನನ್ನ ಅಣ್ಣನೂ ಇದೇ ಸುಳ್ಳು ಹೇಳಿದ್ದ."

ಆ ದಿನದ ಗಾವಾವನ್ನು ಉಸ್ತಾದರಿಗೂ ಕೊಟ್ಟರು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಅಗಸೆ ಎಣ್ಣೆ ಕೂದಲಿಗೆ ಅಂಟಿತು. ಸಂಜೆ ತಲೆಗೆ ಸ್ನಾನ ಮಾಡದೆ ಹಾಗೇ ಮಲಗಿದೆ. ದಿಂಬಿನಲ್ಲಿ ಆ ವಾಸನೆ ಬಹಳ ದಿನ ಇತ್ತು.

ಅವರು ಮತ್ತೆ ಕ್ಲಬ್ಬಿಗೆ ಬರಲಿಲ್ಲ. ಬರುವ ಅಗತ್ಯ ತೀರಿತ್ತೋ, ಕಣ್ಣು ಪೂರ್ತಿ ಹೋಗಿತ್ತೋ. ಮಗಳು ಹುಟ್ಟುವ ಹೊತ್ತಿಗೆ ನಾನೂ ಆ ಕೆಲಸ ಬಿಟ್ಟೆ. ಎಷ್ಟೋ ಕಾಲದ ಮೇಲೆ ಒಂದು ದಿನ ಉಸ್ತಾದ್ ಫೋನು ಮಾಡಿ, ಬಾಬಾ ಹೋದರು ಎಂದರು. ನಮ್ಮವರು ಕೆಲಸಕ್ಕೆ ರಜೆ ಹಾಕಿ ನನ್ನನ್ನು ಆ ಮನೆಗೆ ಕರೆದುಕೊಂಡು ಹೋದರು. ಗಂಡಸರ ಸಾಲಿನಲ್ಲಿ ಅವರು ಕೂತರು. ನನ್ನನ್ನು ಒಳಗೆ ಹೆಂಗಸರ ಕಡೆಗೆ ಕಳಿಸಿದರು.

ದೊಡ್ಡ ಕೋಣೆ, ಗೋಡೆಗುಂಟ ದಿಂಬುಗಳು, ಕಪ್ಪು ಬಟ್ಟೆಯ ಹೆಂಗಸರು. ನಡುವೆ ಕೂತ ಮುದುಕಿ ಬಾಬಾರ ಹೆಂಡತಿ ಎಂದು ತಿಳಿಯಿತು. ನೀನು ಯಾರು ಎಂದು ಸೊಸೆಯೊಬ್ಬಳು ಇಂಗ್ಲಿಷಿನಲ್ಲಿ ಕೇಳಿದಳು. ಹಿಂದೆ ಶೂಟಿಂಗ್ ಕ್ಲಬ್ಬಿನಲ್ಲಿದ್ದೆ ಎಂದೆ. ಸೊಸೆ ಅದನ್ನು ಅರಬ್ಬಿಯಲ್ಲಿ ಹೇಳಿದ್ದೇ, ಮುದುಕಿ ಕೈಚಾಚಿ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡರು. ಏನೋ ಬಹಳ ಹೊತ್ತು ಹೇಳಿದರು. ಸೊಸೆ ಬಿಡಿಸಿ ಹೇಳಿದಳು.

ಕಣ್ಣು ಹೋದ ಮೇಲೆ ಬಾಬಾ ಜಮಖಾನೆಯ ಮೇಲೆ ಬೋರಲು ಮಲಗಿ, ಊರುಗೋಲನ್ನು ಹೆಗಲಿಗೆ ಒತ್ತಿಕೊಂಡು, ಸದ್ದು ಮಾಡಿ ಸದ್ದು ಮಾಡಿ ಎಂದು ಮನೆಯವರನ್ನೆಲ್ಲ ಕೇಳುತ್ತಿದ್ದರಂತೆ. ಮೊಮ್ಮಕ್ಕಳು ಮೊಬೈಲಿನಲ್ಲಿ ಬಂದೂಕಿನ ಸದ್ದು ಹುಡುಕಿ ಜೋರಾಗಿ ಹಾಕುತ್ತಿದ್ದರು. ಅವರು ತಲೆಯಾಡಿಸುತ್ತಿದ್ದರು. ಮಗ ಇನ್ನೂ ದೊಡ್ಡ ಸ್ಪೀಕರು ತಂದ. ಅದಕ್ಕೂ ತಲೆಯಾಡಿಸಿದರು. ಎಂಥ ಸದ್ದು ಎಂದು ಕೇಳಿದರೆ ಮಾಡಿ ತೋರಿಸಲು ಆಗ ನಾಲಿಗೆ ಹೊರಳುತ್ತಿರಲಿಲ್ಲ, ಲಕ್ವ ಹೊಡೆದು ಒಂದೆರಡು ಮಾತಷ್ಟೇ ಉಳಿದಿದ್ದವು. ಕೊನೆಯ ದಿನದವರೆಗೂ ಕೇಳಿದರಂತೆ.

"ಯಾವ ಸದ್ದು ಅದು?" ಎಂದು ಸೊಸೆ ಕೇಳಿದಳು. "ಅತ್ತೆ ಕೇಳುತ್ತಿದ್ದಾರೆ. ನಿನಗೆ ಗೊತ್ತೇ?"

ಸಾವಿನ ಮನೆ. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ನಾಲಿಗೆ ಒಣಗಿತ್ತು. ಮುದುಕಿಯ ಕಿವಿಯ ಬಳಿ ಬಗ್ಗಿ, ಅಂಗುಳಕ್ಕೆ ನಾಲಿಗೆ ಬಡಿದೆ.

ಟಕ್.

ಮುದುಕಿ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. "ಬಸ್?" ಎಂದರು. ಅಷ್ಟೇಯಾ? ನಾನು ಹೌದೆಂದು ತಲೆಯಾಡಿಸಿದೆ. ಅವರು ಒಂದು ಸಲ ತಾವೇ ಮಾಡಿ ನೋಡಿದರು. ಹಲ್ಲಿಲ್ಲದ ಬಾಯಿ, ಆದರೂ ಸರಿಯಾಗಿಯೇ ಬಂತು. ಆಮೇಲೆ ಅವರು ಅತ್ತ ರೀತಿಯನ್ನು ನಾನು ಮರೆಯಲಾರೆ.

ಈಗ ಇಲ್ಲಿ ಶುಕ್ರವಾರವಿದ್ದ ವಾರದ ರಜೆ ಶನಿವಾರ ಭಾನುವಾರಕ್ಕೆ ಸರಿದಿದೆ. ಶುಕ್ರವಾರ ಬೆಳಿಗ್ಗೆ ಎಲ್ಲರೂ ಆಫೀಸು, ಶಾಲೆ ಎಂದು ಓಡುತ್ತಾರೆ. ಅವರೆಲ್ಲ ಹೊರಟ ಮೇಲೆ ಮನೆಯಲ್ಲಿ ನಾನೊಬ್ಬಳೇ. ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ನನಗೆ ಗೊತ್ತಿಲ್ಲದೆಯೇ ನಾಲಿಗೆ ಅಂಗುಳಕ್ಕೆ ಬಡಿಯುತ್ತದೆ. ನಡುವಿಗೇ ಬಿತ್ತು ಬಾಬಾ ಎಂದು ಹೇಳಲು ನಾನು ಇದ್ದೇನೆ. ಕೇಳುವವರು ಇಲ್ಲ.